ಹರಕೆ ಕುರಿ, ಜಟಕಾಬಂಡಿ ಮತ್ತು ಒಂದು ಕನ್ನಡಕ

ಪ್ರಶ್ನೆ: ಮೇಡಂ, ನಾನು ಬಿಎ ಓದ್ತಿದೀನಿ. ಕವಿತೆಗಳಲ್ಲಿ ಸಾವಿನ ಅನಿವಾರ್ಯತೆ ಹೇಗೆ ಬಂದಿದೆ ಬರೀರಿ ಅಂದ್ರೆ, "ಕವಿ ಇಲ್ಲಿ ರೂಪಕದ ಮೂಲಕ ಸಾವು ಯಾರಿಗೂ ತಪ್ಪಿದ್ದಲ್ಲ ಎಂದು ತಿಳಿಸಿದ್ದಾರೆ" ಅಂತ ಒಂದು ಲೈನ್ ಬರೆದು ಪೆನ್ ಕಚ್ಚಿಕೊಂಡು ಕೂತ್ಕೋತೀನಿ. ಎಲ್ಲರೂ ಸಾಯ್ತಾರೆ ಅನ್ನೋದು ಗೊತ್ತಿರೋ ವಿಷಯಾನೇ ಅಲ್ವಾ, ನೇರವಾಗಿ ಹೇಳೋಕೆ ಕವಿಗಳಿಗೇನು ಕಷ್ಟ?
(ಒಬ್ಬ ವಿದ್ಯಾರ್ಥಿನಿ)

ಉತ್ತರ: ಗೊತ್ತಿರೋದೇ ತೊಂದರೆ ಕಣಮ್ಮಾ. ಎಲ್ಲರೂ ಸಾಯ್ತಾರೆ ಅಂತ ಯಾರಾದ್ರೂ ಹೇಳಿದ್ರೆ ಹೂಂ ಅಂದು ಮತ್ತೆ ಫೋನ್ ನೋಡ್ತೀವಿ, ಆ "ಎಲ್ಲರೂ" ಒಳಗೆ ನಾನೂ ಇದೀನಿ ಅನ್ನೋದು ಕಿವಿಗೆ ಬಿದ್ದೇ ಇರಲ್ಲ. ರೂಪಕ ಮಾಡೋ ಕೆಲಸ ಅದನ್ನ ಕಿವಿಗೆ ಬೀಳಿಸೋದು. ಅದಕ್ಕೇ ರೂಪಕ ಇದೆ ಅಂತ ಗುರುತು ಹಾಕಿ ನಿಲ್ಲಬೇಡ, ಅದರೊಳಗೆ ನಿನ್ನನ್ನ ಎಲ್ಲಿ ನಿಲ್ಲಿಸಿದ್ದಾರೆ ಅಂತ ಹುಡುಕು.

12ನೇ ಶತಮಾನದ ಬಸವಣ್ಣನವರ ಕುರಿ ವಚನ ತಗೋ. "ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣಕ್ಕೆ ತಂದ ತಳಿರ ಮೇಯಿತ್ತು." ಆ ತಳಿರು ಬಂದಿರೋದು ಯಾವ ಹಬ್ಬಕ್ಕೆ ಹೇಳು, ಇದೇ ಕುರಿನ ಕಡಿಯೋ ಹಬ್ಬಕ್ಕೆ. ತನ್ನ ಸಾವಿಗೆ ಕಟ್ಟಬೇಕಾದ ತೋರಣಾನ ಅದು ತಿಂತಾ ನಿಂತಿದೆ, ಅಳ್ತಿಲ್ಲ, ಹಗ್ಗ ಎಳೀತಿಲ್ಲ, ಹಸಿವಾಗಿದೆ ಮೇಯ್ತಿದೆ ಅಷ್ಟೆ. ನಾವು ಹೊರಗೆ ನಿಂತು ಅಯ್ಯೋ ಪಾಪ ಅಂದ್ಕೊಳ್ಳೋ ಹೊತ್ತಿಗೆ ಕೊನೇಲಿ "ಕೊಂದವರುಳಿದರೆ" ಅಂತ ಒಂದು ಪ್ರಶ್ನೆ ಬಂದು ಬೀಳುತ್ತೆ. ಕೊಂದವರೇನು ಉಳ್ಕೊಂಡ್ರಾ? ಅಲ್ಲಿಗೆ ಕತ್ತಿ ಹಿಡಿದೋರು, ನೋಡ್ತಾ ನಿಂತೋರು, ಪುಸ್ತಕ ಹಿಡಿದು ಕೂತಿರೋ ನೀನು, ಎಲ್ಲರೂ ಕುರಿ ಪಕ್ಕಕ್ಕೇ ಬಂದ್ವಿ. ಸಾವು ಅನಿವಾರ್ಯ ಅನ್ನೋ ಮಾತು ಅಲ್ಲೆಲ್ಲೂ ಇಲ್ಲ ನೋಡು.

ಇನ್ನೊಂದು ಮಜಾ ಹೇಳ್ತೀನಿ (ಸಾವಿನ ವಿಷಯದಲ್ಲಿ ಮಜಾ ಅನ್ನಬಾರದೇನೋ, ಇರ್ಲಿ). ಅಮೆರಿಕದ ಎಮಿಲಿ ಡಿಕಿನ್ಸನ್ ಬರೆದ ಒಂದು ಕವಿತೆ ಇದೆ, ಅಚ್ಚಾಗಿದ್ದು ಆಕೆ ತೀರಿಕೊಂಡು ನಾಲ್ಕು ವರ್ಷ ಆದ ಮೇಲೆ, 1890ರಲ್ಲಿ. ಅದರಲ್ಲಿ ಸಾವು ಒಬ್ಬ ಮರ್ಯಾದಸ್ಥ, ನನಗೆ ಪುರುಸೊತ್ತಿರಲಿಲ್ಲ, ಅದಕ್ಕೆ ಅವನೇ ಗಾಡಿ ತಂದು ನಿಲ್ಲಿಸಿದ ಅಂತಾಳೆ. ಆತುರ ಇಲ್ಲ, ನಿಧಾನಕ್ಕೆ ಮಕ್ಕಳ ಸ್ಕೂಲು, ಕಾಳಿನ ಹೊಲ, ಮುಳುಗೋ ಸೂರ್ಯ ಎಲ್ಲ ದಾಟ್ತಾರೆ, ದಾಟಿದ ಮೇಲೆ ಅವಳೇ ತಿದ್ದಿಕೊಳ್ತಾಳೆ, ಅಲ್ಲಲ್ಲ, ಸೂರ್ಯಾನೇ ನಮ್ಮನ್ನ ದಾಟಿ ಹೋದ. ನನಗಂತೂ ಮೈ ಜುಂ ಅನ್ನೋದು ಈ ತಿದ್ದುಪಡಿ ಹತ್ರ. ಆ ಹೊತ್ತಿಗೆ ಗಾಡಿ ಇಳಿಯೋ ಹಾಗಿಲ್ಲ.

ಈಗ 1943ರ ಮಂಕುತಿಮ್ಮನ ಕಗ್ಗಕ್ಕೆ ಬಾ. "ಬದುಕು ಜಟಕಾಬಂಡಿ ವಿಧಿ ಅದರ ಸಾಹೇಬ." ಇಲ್ಲೂ ಗಾಡಿ, ಆದ್ರೆ ಡಿಕಿನ್ಸನ್ ಗಾಡಿಯಲ್ಲಿ ಅವಳು ಸೀಟಲ್ಲಿ ಕೂತಿದ್ಲು, ಡಿವಿಜಿ ನಿನ್ನನ್ನ ಕುದುರೆ ಮಾಡಿಬಿಟ್ರು! ಕೂತಿರೋರು ಬೇರೆ ಯಾರೋ, ಲಗಾಮು ಇನ್ಯಾರದೋ ಕೈಲಿ, ನಿನ್ನದು ಓಡೋ ಕೆಲಸ. "ಮದುವೆಗೋ ಮಸಣಕೋ" ಅನ್ನೋದನ್ನ ಬಾಯ್ಬಿಟ್ಟು ಓದು, ಎರಡೂ ಮಕಾರ, ಎರಡೂ ಒಂದೇ ಲಯ, ಕುದುರೆಗೆ ಎರಡೂ ದಾರಿ ಒಂದೇ ಅನ್ನೋದನ್ನ ಅರ್ಥಕ್ಕಿಂತ ಮೊದಲು ಸದ್ದೇ ಹೇಳಿಬಿಡುತ್ತೆ. ಈ ಎರಡು ಗಾಡಿ ಅಕ್ಕಪಕ್ಕ ನಿಲ್ಲಿಸಿ ಬರೆದು ನೋಡು, ಆಮೇಲೆ ಪೆನ್ ಕಚ್ಚೋ ಕೆಲಸ ಇರಲ್ಲ.

ಜಾಗ ಇದ್ರೆ ಮಹಾಭಾರತದ ಯಕ್ಷಪ್ರಶ್ನೆಯನ್ನೂ ಸೇರಿಸು. ಏನಪ್ಪಾ ಸಮಾಚಾರ ಅಂತ ಯಕ್ಷ ಕೇಳಿದ್ರೆ ಧರ್ಮರಾಯ ಹೇಳೋದು ಒಂದು ಅಡುಗೆಮನೆ ವಿಷಯ: ಮೋಹ ಅನ್ನೋ ಕಡಾಯಿ, ಸೂರ್ಯ ಬೆಂಕಿ, ಹಗಲು ರಾತ್ರಿ ಸೌದೆ, ತಿಂಗಳು ಋತುಗಳೇ ಸೌಟು, ಕಾಲ ಎಲ್ಲರನ್ನೂ ಬೇಯಿಸ್ತಾ ಇದಾನೆ. ಬೇಯಿಸಿದ ಅಲ್ಲ, ಬೇಯಿಸ್ತಾನೆ ಎಂದೂ ಅಲ್ಲ, ಸೌಟು ಈಗಲೂ ಆಡ್ತಿದೆ.

ಪ್ರಶ್ನೆ: ಅಪ್ಪ ಹೋಗಿ ಮೂರು ತಿಂಗಳಾಯ್ತು. ಮಾತಾಡಿಸೋಕೆ ಬಂದೋರೆಲ್ಲ "ಚಿರನಿದ್ರೆಗೆ ಜಾರಿದ್ರು" ಅಂತಾರೆ, ವಾಟ್ಸಾಪಲ್ಲೂ ಅದೇ ಥರದ ಕವಿತೆಗಳು. ನಂಗೆ ಸಿಟ್ಟೇ ಬರುತ್ತೆ. ನಿದ್ದೆ ಅಂದ್ರೆ ಬೆಳಿಗ್ಗೆ ಏಳಬೇಕಲ್ವಾ? ಇದು ಸುಳ್ಳು ಹೇಳಿದ ಹಾಗಲ್ವಾ?
(ಒಬ್ಬ ಓದುಗರು)

ಉತ್ತರ: ಸಿಟ್ಟು ಸರಿಯಾಗೇ ಇದೆ, ಬಿಡಬೇಡಿ. ಬಂದೋರು ಸುಳ್ಳು ಹೇಳ್ತಿಲ್ಲ, ಬಾಯಿಗೆ ಸಿಕ್ಕಿದ್ದು ಹೇಳ್ತಾರೆ, ಪಾಪ ಅವರಿಗೂ ಏನು ಹೇಳಬೇಕು ಗೊತ್ತಿರಲ್ಲ. ನಿದ್ದೆ ಹೋಲಿಕೆ ತುಂಬಾ ಹಳೇದು, ಹೋಮರನ ಇಲಿಯಡ್‌ನಲ್ಲಿ ನಿದ್ದೆ ಮತ್ತು ಸಾವು ಅವಳಿ ಅಣ್ಣತಮ್ಮಂದಿರು, ಯುದ್ಧದಲ್ಲಿ ಸತ್ತ ಸಾರ್ಪಿಡಾನ್‌ನ ಹೆಣಾನ ಅವರಿಬ್ಬರೇ ಹೊತ್ತು ಊರಿಗೆ ತಲುಪಿಸ್ತಾರೆ. ಆದ್ರೆ ನಿಮ್ಮ ಪ್ರಶ್ನೆಯನ್ನೇ ಲ್ಯಾಟಿನ್ ಕವಿ ಕಟುಲ್ಲಸ್ ಎರಡು ಸಾವಿರ ವರ್ಷದ ಹಿಂದೆ ಕೇಳಿಕೊಂಡಿದ್ದ ಅನ್ಸುತ್ತೆ. ಸೂರ್ಯ ಮುಳುಗಿದ್ರೆ ಮತ್ತೆ ಬರ್ತಾನೆ, ನಮ್ಮ ಪುಟ್ಟ ಬೆಳಕು ಒಂದ್ಸಲ ಮುಳುಗಿದ್ರೆ ಮುಂದೆ ಒಂದೇ ರಾತ್ರಿ, ಅದನ್ನ ನಿದ್ದೆ ಮಾಡಿಯೇ ಕಳೀಬೇಕು ಅಂತಾನೆ. ಅವನೂ ನಿದ್ದೆ ಅಂದ, ಆದ್ರೆ ಬೆಳಗನ್ನ ಕಿತ್ತುಹಾಕಿದ. ಬೆಳಗು ಉಳಿಸಿಕೊಂಡು ನಿದ್ದೆ ಅಂದ್ರೆ ಅದು ಸಮಾಧಾನ, ಬೆಳಗು ಕಿತ್ತು ನಿದ್ದೆ ಅಂದ್ರೆ ಕವಿತೆ. ಇದು ನನ್ನ ಲೆಕ್ಕ, ಒಪ್ಪಲೇಬೇಕು ಅಂತಿಲ್ಲ.

ನಮ್ಮ ದಿನಬಳಕೆ ಮಾತಲ್ಲೂ ಎರಡೂ ಥರ ಇದೆ. "ಕಾಲವಾದರು" ಅಂತೀವಲ್ಲ, ಒಂದು ಸಲ ನಿಧಾನಕ್ಕೆ ಹೇಳಿ ನೋಡಿ, ಮನುಷ್ಯ ಹೋಗಿ ಕಾಲ ಆಗಿಬಿಟ್ಟ ಅಂತ! ದಿನಾ ಹೇಳಿ ಹೇಳಿ ಸವೆದು ಹೋಗಿದೆ, ಇಲ್ದಿದ್ರೆ ಅದೇ ಒಂದು ಕವಿತೆ.

ಆಗುತ್ತೆ ಅನ್ಸಿದಾಗ ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಓದಿ. ಮಗು ಹೋದ ಮನೆಯಲ್ಲಿ ಗಂಡ ಹೆಂಡತಿಗೆ ಹೇಳೋ ಮಾತದು. ಅಲ್ಲಿ ಸಾವಿನ ರೂಪಕ ಬರೋದು ಮಗುವಿಗಲ್ಲ, ಆ ತಾಯಿ ಮುಖಕ್ಕೆ: ಹುಣ್ಣಿಮೆ ಚಂದ್ರನ ಹೆಣ ಹಗಲು ಮುಗಿಲಲ್ಲಿ ತೇಲ್ತಾ ಬಂದ ಹಾಗೆ. ಹಗಲು ಹೊತ್ತು ಕಾಣೋ ಆ ಬಿಳಚಿದ ಚಂದ್ರನ್ನ ನೀವೂ ನೋಡಿರ್ತೀರಿ. ಅಲ್ಲಿ ಯಾರೂ ಯಾರಿಗೂ ನಿದ್ದೆ ಅಂತ ಹೇಳಲ್ಲ, ನಿಮಗೆ ಸಿಟ್ಟು ಬರಲಿಕ್ಕಿಲ್ಲ.

ಪ್ರಶ್ನೆ: ಅಜ್ಜಿ ಮೇಲೆ ಕವಿತೆ ಬರೆದು ಕಳಿಸಿದ್ದೀನಿ, "ನಮ್ಮ ಮನೆಯ ದೀಪ ಆರಿತು" ಅಂತ ಶುರುವಾಗುತ್ತೆ. ಹೇಗಿದೆ? ಹೆಸರು ಇನ್ನೂ ಇಟ್ಟಿಲ್ಲ.
(ಹೊಸ ಕವಿ)

ಉತ್ತರ: ದೀಪ ಆರಿಸಿದೋರು ನಿಮಗಿಂತ ಮುಂಚೆ ಲಕ್ಷ ಜನ ಇದ್ದಾರೆ. ಹಳೇ ಹೋಲಿಕೆ ತಗೋಬಾರದು ಅಂತಲ್ಲ, ಬೆಂಕಿ ಅನ್ನೋದೂ ಹಳೇದೇ, ಆದ್ರೆ 1609ರಲ್ಲಿ ಅಚ್ಚಾದ ಒಂದು ಸಾನೆಟ್‌ನಲ್ಲಿ ಶೇಕ್ಸ್‌ಪಿಯರ್ ಒಲೆ ಹತ್ರ ಬಗ್ಗಿ ನೋಡಿದ ಹಾಗೆ ಬರೀತಾನೆ, ಬೆಂಕಿ ತನ್ನನ್ನ ಸಾಕಿದ ಸೌದೆಯ ಬೂದಿ ಮೇಲೇ ಮಲಗಿ ಸಾಯ್ತಿದೆ ಅಂತ. ನೀವು ದೀಪದ ಹತ್ರ ಹೋಗೇ ಇಲ್ಲ, ಬತ್ತಿ ತುದಿ ಒಂದು ಗಳಿಗೆ ಕೆಂಪಗಿರೋದು, ಎಳೆ ಹೊಗೆ, ಕಮಟು ವಾಸನೆ ಯಾವುದೂ ಇಲ್ಲ. ನೀವು ಹತ್ರ ಹೋಗಿರೋದು ಹದಿನಾಲ್ಕನೇ ಸಾಲಲ್ಲಿ, ಅಜ್ಜಿಯ ಕನ್ನಡಕದ ಗಾಜಿನ ಮೇಲೆ ಹೆಬ್ಬೆರಳಿನ ಎಣ್ಣೆ ಗುರುತು ಹಾಗೇ ಇದೆ, ಒರೆಸೋಕೆ ಕೈ ಬರ್ತಿಲ್ಲ ಅಂದಿದ್ದೀರಲ್ಲ ಅಲ್ಲಿ. ಮೇಲಿನ ಹದಿಮೂರು ಸಾಲು ತೆಗೆದುಬಿಡಿ. ಹೆಸರು ಕನ್ನಡಕ ಅಂತಲೇ ಇರಲಿ.