ಓದುಗರ ಪ್ರಶ್ನೆ: ಪೋಷಕತ್ವದ ಬಗ್ಗೆ ಗುಂಪು ಪ್ರಾಜೆಕ್ಟ್ ಮಾಡುವವರಿಗೆ

ಪ್ರಶ್ನೆ: ನಾವು ಆರು ಮಂದಿ ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿಗಳು. ‘ಪೋಷಕತ್ವ ವ್ಯವಸ್ಥೆಯ ಸುಧಾರಣೆ’ ಎಂಬ ವಿಷಯ ಸಿಕ್ಕಿದೆ (ಪೋಷಕತ್ವ, ಅಂದರೆ ಫಾಸ್ಟರ್ ಕೇರ್: ಹೆತ್ತ ಮನೆಯಲ್ಲಿ ಇರಲಾಗದ ಮಗುವನ್ನು ಬೇರೊಂದು ಕುಟುಂಬ ತನ್ನ ಮನೆಯಲ್ಲಿ ನೋಡಿಕೊಳ್ಳುವುದು). ಕೈಯಲ್ಲಿರುವುದು ಎರಡೂವರೆ ತಿಂಗಳು. ಎಲ್ಲಿಂದ ಶುರು ಮಾಡೋಣ?
— ವಿದ್ಯಾರ್ಥಿಗಳ ಗುಂಪು, ಧಾರವಾಡ

ಉತ್ತರ: ಮೊದಲು ವಿಷಯವನ್ನು ಕಿರಿದು ಮಾಡಿಕೊಳ್ಳಿ. ಇಡೀ ವ್ಯವಸ್ಥೆಯನ್ನು ಹಿಡಿಯಲು ಹೊರಟ ವರದಿಗಳೆಲ್ಲ ‘ಜಾಗೃತಿ ಮೂಡಿಸಬೇಕು, ಅನುದಾನ ಹೆಚ್ಚಿಸಬೇಕು’ ಎನ್ನುವಲ್ಲಿಗೇ ಬಂದು ನಿಲ್ಲುತ್ತವೆ. ಅದರಿಂದ ಒಂದು ಮಗುವಿಗೂ ಉಪಯೋಗವಿಲ್ಲ.

2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ, 2016ರ ಮಾದರಿ ನಿಯಮಗಳ 23ನೇ ನಿಯಮ, ಅದರ ಜೊತೆಗಿರುವ 30ರಿಂದ 35ರವರೆಗಿನ ನಮೂನೆಗಳು: ಇಷ್ಟನ್ನು ಆರೂ ಮಂದಿ ಓದಿ. ಆಮೇಲೆ ದೊಡ್ಡದೊಂದು ಚಾರ್ಟ್ ಹಾಳೆಯ ಮೇಲೆ ಮಗುವಿನ ಹಾದಿಯನ್ನು ಬರೆಯಿರಿ. ಆರೈಕೆ ಬೇಕಾದ ಮಗು ಸಿಕ್ಕ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಸಾಮಾಜಿಕ ತನಿಖೆ 15 ದಿನದೊಳಗೆ ಮುಗಿಯಬೇಕು, ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ಕೊಡಬೇಕು. ಪೋಷಕತ್ವಕ್ಕೆ ಕಳಿಸುವುದಾದರೆ ಮಗುವಿನ ಅಧ್ಯಯನ ವರದಿ, ಕುಟುಂಬದ ಗೃಹ ಅಧ್ಯಯನ ವರದಿ, ಸಮಿತಿಯ ಆದೇಶ, ಕುಟುಂಬದ ಮುಚ್ಚಳಿಕೆ, ಹಣ ಬಿಡುಗಡೆ, ತಿಂಗಳಿಗೊಮ್ಮೆ ಪರಿಶೀಲನೆ. ಪ್ರತಿ ಹೆಜ್ಜೆಯ ಪಕ್ಕದಲ್ಲಿ ಮೂರು ವಿಷಯ ಬರೆಯಿರಿ: ಯಾವ ಕಾಗದ, ಯಾರ ಟೇಬಲ್, ಎಷ್ಟು ದಿನ. ಉತ್ತರ ಸಿಗದೆ ಖಾಲಿ ಉಳಿಯುವ ಜಾಗವೇ ನಿಮ್ಮ ವಿಷಯ.

ನಮ್ಮನ್ನು ಕೇಳಿದರೆ, ಮಗು ಬಾಲಮಂದಿರದಿಂದ ಪೋಷಕ ಕುಟುಂಬದ ಮನೆಗೆ ಹೋಗುವ ಆ ಒಂದು ವಾರವನ್ನು ಆರಿಸಿಕೊಳ್ಳಿ. ಎಡವಟ್ಟು ಹೆಚ್ಚು ಆಗುವುದು ಅಲ್ಲಿ, ವಿದ್ಯಾರ್ಥಿಗಳು ಏನಾದರೂ ಮಾಡಿಕೊಡಬಹುದಾದದ್ದೂ ಅಲ್ಲೇ. ವರ್ಗಾವಣೆ ಪ್ರಮಾಣಪತ್ರ ಹಳೆಯ ಶಾಲೆಯಲ್ಲೇ ಉಳಿದಿರುತ್ತದೆ. ಎಸ್‌ಎಟಿಎಸ್ ಸಂಖ್ಯೆ (ಶಾಲಾ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಯಾರ ಬಳಿಯೂ ಇರುವುದಿಲ್ಲ. ಲಸಿಕೆ ಹಾಕಿಸಿದ್ದಕ್ಕೆ ದಾಖಲೆ ಇಲ್ಲದೆ ಆಸ್ಪತ್ರೆಯಲ್ಲಿ ಮತ್ತೆ ಮೊದಲಿನಿಂದ ವಿಚಾರಣೆ. ಆಧಾರ್ ಅಥವಾ ಬ್ಯಾಂಕ್ ಖಾತೆಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೂ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ತಿಂಗಳ 4,000 ರೂಪಾಯಿ ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ಒಂದು ‘ಮಗುವಿನ ಕಡತ’ ತಯಾರಿಸಿ. ಒಂದು ಗಟ್ಟಿ ರಿಂಗ್ ಫೈಲು, ಇಪ್ಪತ್ತು ಪ್ಲಾಸ್ಟಿಕ್ ಕವರು ಸಾಕು. ಮೊದಲ ಹಾಳೆ ಪಟ್ಟಿ: ಯಾವ ದಾಖಲೆ, ಮೂಲ ಪ್ರತಿ ಎಲ್ಲಿದೆ, ಪಡೆದ ದಿನ, ಕೊಟ್ಟವರ ಸಹಿ. ‘ಮೂಲ ಪ್ರತಿ ಎಲ್ಲಿದೆ’ ಎಂಬ ಕಾಲಂ ಬಿಡಲೇಬೇಡಿ. ಎಲ್ಲರೂ ಜೆರಾಕ್ಸ್ ಹಿಡಿದುಕೊಂಡು ಮೂಲ ಇನ್ನೊಬ್ಬರ ಬಳಿ ಇದೆ ಎಂದುಕೊಂಡಿರುತ್ತಾರೆ. ಆಮೇಲೆ ಶಾಲೆ, ಆರೋಗ್ಯ (ತಾಯಿ ಕಾರ್ಡ್, ಅಲರ್ಜಿ, ಈಗ ನಡೆಯುತ್ತಿರುವ ಔಷಧಿ, ಮುಂದಿನ ತಪಾಸಣೆಯ ದಿನ), ಬ್ಯಾಂಕ್. ಕೊನೆಯ ಎರಡು ಹಾಳೆ ಮಗುವಿನದೇ: ನಿದ್ದೆ ಹೇಗೆ, ಯಾವ ಊಟ ಇಷ್ಟ, ಯಾವುದಕ್ಕೆ ಹೆದರಿಕೆ, ಅಣ್ಣತಮ್ಮ ಅಕ್ಕತಂಗಿಯರು ಎಲ್ಲಿದ್ದಾರೆ, ಅವರನ್ನು ನೋಡುವ ದಿನ ಯಾವುದು. ಒಡಹುಟ್ಟಿದವರನ್ನು ಒಟ್ಟಿಗೆ ಇರಿಸಲು ಎಲ್ಲ ಪ್ರಯತ್ನ ಮಾಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದು ಆಗದೆ ಹೋದಾಗ ಈ ಹಾಳೆ ಇನ್ನೂ ಮುಖ್ಯ.

ಒಂದು ಎಚ್ಚರಿಕೆ. ಮಗು ಮನೆಯಿಂದ ಏಕೆ ಹೊರಬಂತು ಎಂಬ ವಿವರ ಈ ಕಡತದಲ್ಲಿ ಒಂದು ಸಾಲೂ ಇರಬಾರದು. ಫೈಲನ್ನು ಶಾಲೆಯ ಗುಮಾಸ್ತರೂ ನೋಡುತ್ತಾರೆ, ಔಷಧಿ ಅಂಗಡಿಯವರೂ ನೋಡುತ್ತಾರೆ. ಆ ವಿವರ ಸಮಿತಿ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ದಾಖಲೆಯಲ್ಲಷ್ಟೇ ಇರಲಿ.

ಪರೀಕ್ಷಿಸುವುದು ಹೇಗೆ? ಕಲ್ಪಿತ ಮಗುವಿನ ಹೆಸರಲ್ಲಿ ಕಡತ ತುಂಬಿ, ಒಬ್ಬ ಮುಖ್ಯೋಪಾಧ್ಯಾಯರು, ಒಬ್ಬ ಆಶಾ ಕಾರ್ಯಕರ್ತೆ, ಘಟಕದ ಒಬ್ಬ ಸಮಾಜ ಕಾರ್ಯಕರ್ತರ ಕೈಗೆ ಕೊಡಿ. ‘ಮುಂದಿನ ಲಸಿಕೆ ಯಾವಾಗ?’, ‘ಟಿ.ಸಿ. ಎಲ್ಲಿದೆ?’ ಎಂದು ಕೇಳಿ, ಹುಡುಕಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ. ಅವರು ತಡವರಿಸಿದರೆ ಹಾಳೆಯ ವಿನ್ಯಾಸ ಸರಿಯಿಲ್ಲ, ಬದಲಿಸಿ.

ಪ್ರಶ್ನೆ: ಬಾಲಮಂದಿರಕ್ಕೆ ಹೋಗಿ ಮಕ್ಕಳನ್ನೇ ಮಾತಾಡಿಸಿದರೆ ಪ್ರಾಜೆಕ್ಟಿಗೆ ಜೀವ ಬರುತ್ತದಲ್ಲವೇ? ಫೋಟೊ ತೆಗೆದು ಮುಖ ಮಸುಕು ಮಾಡಿದರೆ ಸಾಲದೇ?
— ಬಿ.ಎಸ್.ಡಬ್ಲ್ಯೂ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬೇಡ. ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವುದೇ ವಿವರವನ್ನು ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಸುಕು ಮಾಡಿದ ಮುಖದ ಹಿಂದೆ ಸಮವಸ್ತ್ರ ಕಾಣುತ್ತದೆ, ಗೋಡೆಯ ಮೇಲಿನ ಫಲಕ ಕಾಣುತ್ತದೆ. ಕಾನೂನಿನ ಮಾತು ಹಾಗಿರಲಿ. ಹೊಸ ಮುಖಗಳು ಬಂದು, ಅಪ್ಪ ಅಮ್ಮನ ಬಗ್ಗೆ ಕೇಳಿ, ಮತ್ತೆಂದೂ ಬಾರದೆ ಹೋಗುವುದನ್ನು ಆ ಮಕ್ಕಳು ಈಗಾಗಲೇ ಸಾಕಷ್ಟು ಅನುಭವಿಸಿದ್ದಾರೆ. ನಿಮ್ಮ ಅಂಕಪಟ್ಟಿಗಾಗಿ ಇನ್ನೊಮ್ಮೆ ಬೇಡ.

18 ದಾಟಿ ಸಂಸ್ಥೆಯಿಂದ ಹೊರಬಂದವರನ್ನು ಘಟಕದ ಮೂಲಕ ಸಂಪರ್ಕಿಸಿ, ಲಿಖಿತ ಒಪ್ಪಿಗೆ ಪಡೆದು ಮಾತಾಡಿಸಬಹುದು. ಪೋಷಕ ಕುಟುಂಬದವರನ್ನೂ ಘಟಕವೇ ಕೇಳಲಿ. ಒಪ್ಪಿದವರು ಮಾತ್ರ ನಿಮಗೆ ಫೋನ್ ಮಾಡಲಿ. ಮಾತು ಶುರುವಾಗುವ ಮುನ್ನವೇ ಒಂದು ವಿಷಯ ತಿಳಿಸಿಬಿಡಿ: ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಗುಟ್ಟಾಗಿ ಇಟ್ಟುಕೊಳ್ಳಲು ಆಗುವುದಿಲ್ಲ. ನಿಮ್ಮ ಮಾರ್ಗದರ್ಶಕರ ನಂಬರ್ ಮತ್ತು ಮಕ್ಕಳ ಸಹಾಯವಾಣಿ 1098 ಕೈಯಲ್ಲಿರಲಿ.

ಪ್ರಶ್ನೆ: ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳನ್ನೂ ನಮ್ಮ ಲೆಕ್ಕಕ್ಕೆ ಸೇರಿಸಬಹುದೇ?
— ಕಲಬುರಗಿ

ಉತ್ತರ: ಪೋಷಕತ್ವದ ಲೆಕ್ಕಕ್ಕೆ ಬರುವುದಿಲ್ಲ. ಕಾಯ್ದೆಯ ಪ್ರಕಾರ ಪೋಷಕತ್ವ ಎಂದರೆ ಹೆತ್ತ ಕುಟುಂಬವಲ್ಲದ, ಆಯ್ಕೆಯಾಗಿ ಅನುಮೋದನೆ ಪಡೆದ ಮನೆಗೆ ಸಮಿತಿ ಮಗುವನ್ನು ಕಳಿಸುವುದು. ಅಜ್ಜಿಯ ಮನೆಯ ಮಗುವಿಗೆ ಸಿಗಬಹುದಾದದ್ದು ಪ್ರಾಯೋಜಕತ್ವ, ಅಂದರೆ ಮಗು ತನ್ನವರ ಮನೆಯಲ್ಲೇ ಇರುವಂತೆ ಕೊಡುವ ಹಣದ ನೆರವು. ಅದಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮೀಣ ಭಾಗದಲ್ಲಿ 72,000, ಉಳಿದೆಡೆ 96,000 ರೂಪಾಯಿ. ಎರಡಕ್ಕೂ ಮಂಜೂರಾತಿ ಸಮಿತಿ ಒಂದೇ ಆದ್ದರಿಂದ ಅಂಕಿಗಳು ಒಂದೇ ಸಾಲಿನಲ್ಲಿ ಕೂಡಿಕೊಂಡು ಬರುವುದುಂಟು. ಅದನ್ನು ನೋಡಿ ‘ನಮ್ಮ ಜಿಲ್ಲೆಯಲ್ಲಿ ಪೋಷಕತ್ವ ಚೆನ್ನಾಗಿ ನಡೆದಿದೆ’ ಎಂದು ಬರೆದುಬಿಟ್ಟರೆ ಇಡೀ ವರದಿ ದಾರಿ ತಪ್ಪಿತು.

ಪ್ರಶ್ನೆ: ಕಚೇರಿಯಲ್ಲಿ ಅಂಕಿಅಂಶ ಕೊಡುತ್ತಿಲ್ಲ. ಆರ್‌ಟಿಐ ಹಾಕೋಣವೇ?
— ತುಮಕೂರು

ಉತ್ತರ: ಮೊದಲು ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯನ್ನು ಕೇಳಿ. ಆಗದಿದ್ದರೆ ಅರ್ಜಿ ಹಾಕಿ, ಆದರೆ ಪ್ರಾಜೆಕ್ಟಿನ ಮೊದಲ ವಾರದಲ್ಲೇ. ಉತ್ತರಕ್ಕೆ 30 ದಿನ ಹಿಡಿಯಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ ತಡವಾಯಿತು?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆಯಲ್ಲಿ ಇರುವುದನ್ನಷ್ಟೇ ಕೊಡುತ್ತಾರೆ. ಹೀಗೆ ಕೇಳಿ: ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ, ವರ್ಷವಾರು, ಪ್ರಾಯೋಜಕತ್ವ ಬಿಟ್ಟು ಪೋಷಕತ್ವಕ್ಕೆ ಮಾತ್ರ ಬಂದ ಅರ್ಜಿಗಳೆಷ್ಟು, ಗೃಹ ಅಧ್ಯಯನ ಮುಗಿದವೆಷ್ಟು, ಆದೇಶವಾದವೆಷ್ಟು, ಆದೇಶದ ದಿನಕ್ಕೂ ಮೊದಲ ಕಂತು ಜಮೆಯಾದ ದಿನಕ್ಕೂ ಸಂಬಂಧಿಸಿದ ದಿನಾಂಕಗಳು.

ಬಂದ ಅಂಕಿಗಳನ್ನು ತಾಲ್ಲೂಕುವಾರು ಅಚ್ಚು ಹಾಕಬೇಡಿ. ತಾಲ್ಲೂಕಿನಲ್ಲಿ ಒಂದೇ ಪೋಷಕ ಕುಟುಂಬವಿದ್ದು ನೀವು ‘ಹೆಣ್ಣು, 9 ವರ್ಷ’ ಎಂದು ಕೋಷ್ಟಕ ಹಾಕಿದರೆ ಊರಿನವರಿಗೆಲ್ಲ ಯಾರೆಂದು ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಇರುವ ಕಡೆ ‘5ಕ್ಕಿಂತ ಕಡಿಮೆ’ ಎಂದಷ್ಟೇ ಬರೆಯಿರಿ.

ಪ್ರಶ್ನೆ: ಪೋಷಕತ್ವದಿಂದ ದತ್ತು ಪಡೆಯುವ ಹೊಸ ಅವಕಾಶದ ಬಗ್ಗೆ ಕರಪತ್ರ ಮಾಡಬಹುದೇ?
— ಮಂಗಳೂರು

ಉತ್ತರ: ಮಾಡಬಹುದು, ಆದರೆ ಅದನ್ನೇ ತಲೆಬರಹ ಮಾಡಬೇಡಿ. 2024ರ ಮಾದರಿ ಮಾರ್ಗಸೂಚಿಯಲ್ಲಿ ಪೋಷಕತ್ವದಿಂದ ದತ್ತಿಗೆ ಕಾಯುವ ಅವಧಿಯನ್ನು ಐದು ವರ್ಷದಿಂದ ಎರಡಕ್ಕೆ ಇಳಿಸಿದ್ದಾರೆ. ಒಂಟಿಯಾಗಿ ಬದುಕುತ್ತಿರುವವರಿಗೂ ಅವಕಾಶ ಬಂದಿದೆ. ಆದರೆ ಎಷ್ಟೋ ಮಕ್ಕಳಿಗೆ ಹೆತ್ತವರಿದ್ದಾರೆ. ಅವರು ಭೇಟಿಗೆ ಬರಬಹುದು, ಮಗು ಕೊನೆಗೆ ಅವರ ಮನೆಗೆ ಹಿಂದಿರುಗಲೂಬಹುದು. ದತ್ತು ಎಂದು ನಂಬಿ ಬಂದವರು ಮೊದಲ ಭೇಟಿಯ ದಿನವೇ ಕುಗ್ಗಿಹೋಗುತ್ತಾರೆ. ಅದರ ಪೆಟ್ಟು ಮಗುವಿಗೆ. ಆದ್ದರಿಂದ ಕರಪತ್ರದ ಮೊದಲ ಸಾಲಿನಲ್ಲೇ ‘ಮಗು ತನ್ನ ಮನೆಗೆ ಹಿಂದಿರುಗಬಹುದು’ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಅದನ್ನು ಓದಿದ ಮೇಲೂ ಫೋನ್ ಮಾಡುವವರ ವಿವರವನ್ನು ಘಟಕಕ್ಕೆ ತಲುಪಿಸಿ, ಕರಪತ್ರದ ಕರಡನ್ನೂ ಅಚ್ಚಿಗೆ ಮುಂಚೆ ಅವರಿಗೇ ತೋರಿಸಿ.