ಅಣ್ಣನಿಗೆ ಒಗ್ಗಿದ ಮಾತ್ರೆ ನನಗ್ಯಾಕೆ ಒಗ್ಗಲಿಲ್ಲ?

ಪ್ರಶ್ನೆ: ನನಗೂ ಅಣ್ಣನಿಗೂ ಟಿಬಿ. ಇಬ್ಬರೂ ಅದೇ ಮಾತ್ರೆ ನುಂಗುತ್ತೇವೆ, ತೂಕವೂ ಹೆಚ್ಚುಕಡಿಮೆ ಒಂದೇ. ಎರಡನೇ ತಿಂಗಳಿಂದ ನನ್ನ ಪಾದ ಜೋಮು ಹಿಡಿದಂತಿದೆ, ರಾತ್ರಿ ಉರಿ. ಅಣ್ಣ ಆರಾಮಾಗಿದ್ದಾನೆ. ‘ನಿನ್ನ ಮೈ ವೀಕು’ ಅಂತಾರೆ ಮನೆಯಲ್ಲಿ. ಹೌದಾ? ಮಾತ್ರೆ ಬಿಡಲಾ?

ಉತ್ತರ: ಖಂಡಿತ ಬಿಡಬೇಡಿ. ಅರ್ಧಕ್ಕೆ ಬಿಟ್ಟರೆ ಟಿಬಿ ಕ್ರಿಮಿ ಔಷಧಿಗೆ ಬಗ್ಗದಂತೆ ಬಲಿಯುತ್ತದೆ. ಆದರೆ ಜೋಮಿನ ವಿಷಯ ತಡಮಾಡದೆ ಡಾಕ್ಟರಿಗೆ ಹೇಳಿ.

ಟಿಬಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಐಸೋನಿಯಾಜಿಡ್ ಇರುತ್ತದೆ. ನನ್ನ ಮೊದಲ ಅನುಮಾನ ಅದರ ಮೇಲೆ. ಅದನ್ನು ಕರಗಿಸಿ ಹೊರಹಾಕಲು ಲಿವರ್‌ನಲ್ಲಿ ಎನ್‌ಎಟಿ2 ಎಂಬ ಕಿಣ್ವವಿದೆ. ಅದರ ಜೀನ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರ ರಕ್ತದಲ್ಲಿ ಔಷಧಿ ಅರ್ಧಕ್ಕಿಳಿಯಲು ಸುಮಾರು 1 ಗಂಟೆ ಸಾಕು, ಕಿಣ್ವ ನಿಧಾನ ಇರುವವರಿಗೆ 2ರಿಂದ 5 ಗಂಟೆ ಬೇಕು. ಹೀಗೆ ದಿನವೂ ಹೆಚ್ಚು ಹೊತ್ತು ಉಳಿಯುವ ಔಷಧಿ ಬಿ6 ವಿಟಮಿನ್ ಕೆಲಸಕ್ಕೆ ಅಡ್ಡಬರುತ್ತದೆ. ಪಾದದ ನರ ಮೊದಲು ಸೊರಗುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ನಿಧಾನದ ಜೀನ್ ಬಂದವರಿಗೇ ಇದು ಜಾಸ್ತಿ. ಹಾಗಾಗಿ ಒಡಹುಟ್ಟಿದವರಲ್ಲೂ ವ್ಯತ್ಯಾಸ ಸಹಜ.

ಮೈ ವೀಕು ಅನ್ನುವ ಮಾತು ನನಗೆ ಬೇಸರ ತರುತ್ತದೆ. ಗಟ್ಟಿಮುಟ್ಟಾದ ಆಳಿಗೂ ಕಿಣ್ವ ನಿಧಾನ ಇರಬಹುದು. ಬಣ್ಣದ ಕಾರ್ಖಾನೆಗಳಲ್ಲಿ ಹಿಂದೆ ಬಳಸುತ್ತಿದ್ದ ನ್ಯಾಫ್ತೈಲಮೀನ್‌ನಂಥ ರಾಸಾಯನಿಕಗಳ ವಿಷವನ್ನು ಇಳಿಸುವುದರಲ್ಲೂ ಇದೇ ಎನ್‌ಎಟಿ2 ಪಾಲಿದೆ. ಅಂಥ ಕಡೆ ದುಡಿದವರಲ್ಲಿ ನಿಧಾನದವರಿಗೆ ಮೂತ್ರಕೋಶದ ಕ್ಯಾನ್ಸರ್ ಹೆಚ್ಚು ಕಂಡಿತು. ಅದರಲ್ಲಿ ಅವರ ತಪ್ಪೇನಿತ್ತು?

ಹಾಗಂತ ಚುರುಕಾದ ಕಿಣ್ವವೇ ಅದೃಷ್ಟ ಅಂದುಕೊಳ್ಳಬೇಡಿ. ಕೆಮ್ಮಿಗೆ, ನೋವಿಗೆ ಕೊಡುವ ಕೊಡೀನ್ ಅನ್ನು ಸಿವೈಪಿ2ಡಿ6 ಎಂಬ ಇನ್ನೊಂದು ಕಿಣ್ವ ಮಾರ್ಫಿನ್ ಮಾಡುತ್ತದೆ, ಮಾರ್ಫಿನ್ ಹೆಚ್ಚಾದರೆ ಉಸಿರಾಟ ಕುಗ್ಗುತ್ತದೆ. ಅದು ವಿಪರೀತ ಚುರುಕಾಗಿದ್ದ ಮಕ್ಕಳು ಮಾಮೂಲಿ ಡೋಸಿಗೇ ಉಸಿರು ಕಟ್ಟಿ ಸತ್ತಿದ್ದಾರೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, 12 ವರ್ಷದೊಳಗಿನವರಿಗೆ ಕೊಡೀನ್ ಕೊಡಲೇಬಾರದು ಎಂದಿತು.

ನಿಮ್ಮ ಜೋಮಿಗೆ ಡಾಕ್ಟರು ಬಿ6 ಬರೆಯಬಹುದು. ಸುಮ್ನೆ ನೀವೇ ತಂದು ನುಂಗಬೇಡಿ, ಅತಿಯಾದರೆ ಬಿ6 ಕೂಡ ನರ ಕೆಡಿಸುತ್ತದೆ. ಸಕ್ಕರೆ ಕಾಯಿಲೆ, ಕುಡಿತ ಇದ್ದರೆ ಮುಚ್ಚಿಡಬೇಡಿ. ನಿಧಾನದವರಿಗೆ ಲಿವರ್ ತೊಂದರೆಯೂ ಜಾಸ್ತಿ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.