ಆರ್ಥಿಕ ನಿಯಂತ್ರಣದ ಕಾನೂನು: ಯಾವ ಐಚ್ಛಿಕ ಪತ್ರಿಕೆ ಮೊದಲು?

ಪ್ರಶ್ನೆ: ಐದು ವರ್ಷದ ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿದ್ದೇನೆ. ಷೇರುಪೇಟೆಯ ನಿಯಂತ್ರಕ ಸೆಬಿ, ದೂರಸಂಪರ್ಕದ ನಿಯಂತ್ರಕ ಟ್ರಾಯ್, ವಿದ್ಯುತ್ ನಿಯಂತ್ರಣ ಆಯೋಗದಂತಹ ಸಂಸ್ಥೆಗಳ ಮುಂದೆ ವಾದಿಸುವ ವಕೀಲೆಯಾಗಬೇಕೆಂಬ ಆಸೆಯಿದೆ. ಸ್ಪರ್ಧಾ ಕಾನೂನು, ವಿದ್ಯುತ್ ಕಾನೂನು, ಷೇರುಪೇಟೆ ಕಾನೂನು, ದಿವಾಳಿ ಕಾನೂನು ಇವುಗಳಲ್ಲಿ ಎರಡನ್ನು ಆರಿಸಿಕೊಳ್ಳಬೇಕಾಗಿದೆ. ಪಿಯುಸಿಯ ನಂತರ ಅರ್ಥಶಾಸ್ತ್ರವನ್ನು ಗಂಭೀರವಾಗಿ ಓದಿಲ್ಲ. ಏನು ಮಾಡಲಿ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಹೊಸ ಪತ್ರಿಕೆಯನ್ನು ಆರಿಸುವ ಮುನ್ನ, ನೀವು ಈಗಾಗಲೇ ಓದಿರಬಹುದಾದ ಆಡಳಿತ ಕಾನೂನಿನ ಪುಸ್ತಕವನ್ನು ಮತ್ತೆ ತೆರೆಯಿರಿ. ಬಹುತೇಕ ವಿದ್ಯಾರ್ಥಿಗಳು ಅದನ್ನು ಪಾಸಾಗುವಷ್ಟು ಓದಿ ಬದಿಗಿಡುತ್ತಾರೆ. ಆದರೆ ನೀವು ಹೆಸರಿಸಿದ ಸಂಸ್ಥೆಗಳ ಕ್ಷೇತ್ರಗಳು ಬೇರೆಯಾದರೂ ಅವುಗಳ ಮುಂದೆ ಏಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ: ಈ ನಿಯಮವನ್ನು ರೂಪಿಸಲು ಕಾಯ್ದೆ ಅಧಿಕಾರ ಕೊಟ್ಟಿದೆಯೇ, ಬಾಧಿತರ ಮಾತನ್ನು ಕೇಳಲಾಗಿದೆಯೇ, ಆದೇಶಕ್ಕೆ ಕಾರಣಗಳಿವೆಯೇ? ಕರೆ ಕಡಿತವಾದರೆ ದೂರವಾಣಿ ಕಂಪನಿಗಳು ಗ್ರಾಹಕರಿಗೆ ಒಂದು ರೂಪಾಯಿಯಂತೆ, ದಿನಕ್ಕೆ ಗರಿಷ್ಠ ಮೂರು ಕರೆಗಳಿಗೆ ಪರಿಹಾರ ಕೊಡಬೇಕೆಂದು ಟ್ರಾಯ್ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಆ ತೀರ್ಪಿನ ತಿರುಳು ಇದ್ದದ್ದು ನಿಯಮ ರೂಪಿಸುವ ಅಧಿಕಾರದ ಮಿತಿ, ಸ್ವೇಚ್ಛಾಚಾರ ಮತ್ತು ಪಾರದರ್ಶಕತೆಯ ಚರ್ಚೆಯಲ್ಲಿ.

ಐಚ್ಛಿಕ ಪತ್ರಿಕೆಗಳಲ್ಲಿ ಮೊದಲ ಆಯ್ಕೆ ಸ್ಪರ್ಧಾ ಕಾನೂನೇ ಆಗಲಿ. ಕಂಪನಿಗಳು ಪೈಪೋಟಿಯನ್ನು ಹತ್ತಿಕ್ಕದಂತೆ ತಡೆಯುವ 2002ರ ಸ್ಪರ್ಧಾ ಕಾಯ್ದೆ ಸಿಮೆಂಟಿನಿಂದ ಆನ್‌ಲೈನ್ ಮಾರಾಟದವರೆಗೆ ಎಲ್ಲ ಮಾರುಕಟ್ಟೆಗಳಿಗೂ ಅನ್ವಯಿಸುತ್ತದೆ. ಹಾಗಾಗಿಯೇ ಅದು ಇತರ ನಿಯಂತ್ರಣ ಸಂಸ್ಥೆಗಳ ಅಧಿಕಾರ ವ್ಯಾಪ್ತಿಗೂ ತಾಗುತ್ತದೆ. ಏರ್‌ಟೆಲ್ ಮತ್ತಿತರ ಕಂಪನಿಗಳ ವಿರುದ್ಧದ ಜಿಯೋ ದೂರಿನ ಪ್ರಕರಣದಲ್ಲಿ, ಮೊದಲು ಟ್ರಾಯ್ ತನ್ನ ವ್ಯಾಪ್ತಿಯ ಪ್ರಶ್ನೆಗಳನ್ನು ನಿರ್ಧರಿಸಲಿ, ಈ ಕಾಯ್ದೆಯನ್ನು ಜಾರಿಗೊಳಿಸುವ ಸ್ಪರ್ಧಾ ಆಯೋಗ ಆಮೇಲೆ ಮುಂದುವರಿಯಲಿ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ನಮ್ಮ ಹೈಕೋರ್ಟಿನದೇ ಒಂದು ಪ್ರಕರಣವೂ ಇದೆ. ಆಯೋಗ ಆದೇಶಿಸಿದ್ದ ತನಿಖೆಯನ್ನು ತಡೆಯಬೇಕೆಂದು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಸಲ್ಲಿಸಿದ್ದ ರಿಟ್ ಅರ್ಜಿಗಳನ್ನು ಕರ್ನಾಟಕ ಹೈಕೋರ್ಟ್ 2021ರ ಜೂನ್‌ನಲ್ಲಿ ವಜಾ ಮಾಡಿತು. ಮರು ತಿಂಗಳು ವಿಭಾಗೀಯ ಪೀಠವೂ ಮೇಲ್ಮನವಿಗಳನ್ನು ತಳ್ಳಿಹಾಕಿತು. ಪತ್ರಿಕೆಯ ಆಯ್ಕೆಗೆ ಸಹಿ ಹಾಕುವ ಮುನ್ನ ಆ ತೀರ್ಪನ್ನು ಪೂರ್ತಿ ಓದಿ. ಅರ್ಧಕ್ಕೇ ಬೇಸರವಾದರೆ ನಿಮ್ಮ ಆಸೆಯ ಬಗ್ಗೆ ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ಎರಡನೆಯದಾಗಿ ವಿದ್ಯುತ್ ಕಾನೂನನ್ನು ಸೂಚಿಸುತ್ತೇನೆ, ಷೇರುಪೇಟೆಯಷ್ಟು ಆಕರ್ಷಣೆ ಅದಕ್ಕಿಲ್ಲದಿದ್ದರೂ. ಸೆಬಿ ಆದೇಶದ ಮೇಲ್ಮನವಿಗೆ ಮುಂಬಯಿಗೆ, ದೂರಸಂಪರ್ಕ ವ್ಯಾಜ್ಯಗಳಿಗೆ ದೆಹಲಿಗೆ ಹೋಗಬೇಕು. ವಿದ್ಯುತ್ತಿನಲ್ಲೂ ಮೇಲ್ಮನವಿ ದೆಹಲಿಯಲ್ಲೇ. ಆದರೆ ಮೂಲ ವಿಚಾರಣೆ ನಮ್ಮ ರಾಜ್ಯದಲ್ಲೇ ನಡೆಯುತ್ತದೆ. ದರ ಪರಿಷ್ಕರಣೆ ಕೋರಿ ಎಸ್ಕಾಂಗಳು (ವಿದ್ಯುತ್ ಸರಬರಾಜು ಕಂಪನಿಗಳು) ಅರ್ಜಿ ಸಲ್ಲಿಸಿದಾಗ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗವು ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಿಯೇ ಆದೇಶ ಹೊರಡಿಸಬೇಕೆಂದು 2003ರ ವಿದ್ಯುತ್ ಕಾಯ್ದೆಯ 64ನೇ ಕಲಂ ವಿಧಿಸುತ್ತದೆ. ನಿಮ್ಮ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯಲ್ಲಿದೆ. ಬೆಸ್ಕಾಂ ಅರ್ಜಿಯನ್ನು ತರಿಸಿಕೊಂಡು, ಒಂದು ಆಕ್ಷೇಪಣೆ ಬರೆದು, ವಿಚಾರಣೆಯ ದಿನ ಹೋಗಿ ಕುಳಿತುಕೊಳ್ಳಿ. ಖರ್ಚಿನ ಯಾವ ಬಾಬ್ತನ್ನು ಗ್ರಾಹಕರ ಮೇಲೆ ಹಾಕಬಹುದು, ಯಾವುದನ್ನು ಹಾಕಬಾರದು ಎಂಬ ಜಗಳವನ್ನು ಅಲ್ಲಿ ಕಲಿತಷ್ಟು ತರಗತಿಯಲ್ಲಿ ಕಲಿಯಲಾರಿರಿ.

ದಿವಾಳಿ ಕಾನೂನಿನಲ್ಲಿ ಕೆಲಸ ಹೇರಳವಾಗಿದೆ, ನಿಜ. ಆದರೆ ಅದು ಮುಖ್ಯವಾಗಿ ಸಾಲದ ಇತ್ಯರ್ಥದ ಶಾಸ್ತ್ರ, ನೀವು ಕೇಳಿದ ದಾರಿಯಲ್ಲ.

ಅರ್ಥಶಾಸ್ತ್ರದ ಭಯ ಬೇಡ. ಬೇಡಿಕೆ, ಉತ್ಪಾದನಾ ವೆಚ್ಚ, ಏಕಸ್ವಾಮ್ಯ ಇವಿಷ್ಟನ್ನು ಪದವಿಯ ಮೊದಲ ವರ್ಷದ ಪಠ್ಯದಿಂದ ಕಲಿತರೆ ಆರಂಭಕ್ಕೆ ಸಾಕು. ಅದಕ್ಕಿಂತ ಮುಖ್ಯವಾಗಿ, ಸ್ಪರ್ಧಾ ಕಾನೂನಿನ ಪಠ್ಯಕ್ರಮದಲ್ಲಿ 2023ರ ತಿದ್ದುಪಡಿ ಸೇರಿದೆಯೇ ಎಂದು ವಿಚಾರಿಸಿ. ಕಂಪನಿಯ ಜಾಗತಿಕ ವಹಿವಾಟಿನ ಮೇಲೆ ದಂಡ ಲೆಕ್ಕಹಾಕುವ ಅವಕಾಶ ಬಂದದ್ದು ಅದರಿಂದಲೇ. ಸೇರಿಲ್ಲವೆಂದಾದರೆ ಆ ಭಾಗವನ್ನು ತಿದ್ದುಪಡಿಯಾದ ಕಾಯ್ದೆಯ ಪಠ್ಯದಿಂದ ನೀವೇ ಓದಿಕೊಳ್ಳಬೇಕಾಗುತ್ತದೆ.